ಮದುವೆಯ ದಿನವೇ ಹಬ್ಬದ ದಿನ

ಕಥೋಲಿಕ ಧರ್ಮಸಭೆ ತನ್ನ ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಆಚರಿಸುತ್ತದೆ. ಇಲ್ಲಿಯ ಸಾವೇ ಸ್ವರ್ಗದಲ್ಲಿ ಹುಟ್ಟು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಇಟಲಿಯ ಮರಿಯಾ ಕೊರ್ಸಿನಿ ಮತ್ತು ಆಕೆಯ ಗಂಡ ಲುಯೀಜಿ ಬೆಲ್ತ್ರಾಮೆ ಕ್ವಾತ್ರೊಕ್ಕಿಯವರ ಹಬ್ಬ ಬರುವುದು ನವೆಂಬರ್ 25ಕ್ಕೆ. ಅದು 1905ರಲ್ಲಿ ರೋಮಿನ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಾದಲ್ಲಿ ಅವರ ಮದುವೆ ನಡೆದ ದಿನ. 2001ರ ಅಕ್ಟೋಬರ್ 21ರಂದು ಪೋಪ್ ಎರಡನೇ ಜಾನ್ ಪಾಲ್ ಇಬ್ಬರನ್ನೂ ಪುನೀತರೆಂದು ಸಾರಿದರು. ಸಂತಪದವಿಗಿಂತ ಒಂದೇ ಮೆಟ್ಟಿಲು ಕೆಳಗಿನ ಈ ಗೌರವ, ಹುತಾತ್ಮರಲ್ಲದ ಗಂಡ-ಹೆಂಡತಿಗೆ ಜೋಡಿಯಾಗಿ ಸಂದದ್ದು ಅದೇ ಮೊದಲು. ತೊಂಬತ್ತು ದಾಟಿದ ಅವರ ಇಬ್ಬರು ಪಾದ್ರಿ ಮಕ್ಕಳು ಆ ದಿನದ ಬಲಿಪೂಜೆಯಲ್ಲಿ ಪೋಪ್ ಜೊತೆ ವೇದಿಯ ಮೇಲಿದ್ದರು. ಕಿರಿಯ ಮಗಳು ಎನ್ರಿಕೆತ್ತಾ ಕೂಡ ಅಲ್ಲಿದ್ದಳು.

ಮರಿಯಾ ಬಗ್ಗೆ ಬರೆದವರೆಲ್ಲ ಮೊದಲು ಹೇಳುವುದು ಈ ಎನ್ರಿಕೆತ್ತಾಳ ಹುಟ್ಟಿನ ಕಥೆಯನ್ನೇ. ನಾಲ್ಕನೆಯ ಬಸುರಿನಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿತ್ತು. ಅಲ್ಟ್ರಾಸೌಂಡ್ ಇಲ್ಲದ, ಸಿಸೇರಿಯನ್ ಸುರಕ್ಷಿತವಲ್ಲದ ಕಾಲ. ತಾಯಿ ಉಳಿಯುವ ಸಾಧ್ಯತೆ ನೂರಕ್ಕೆ ಐದು ಎಂದ ವೈದ್ಯರು ಗರ್ಭಪಾತದ ಸಲಹೆ ಕೊಟ್ಟರು. ದಂಪತಿ ಒಪ್ಪಲಿಲ್ಲ. 1914ರ ಏಪ್ರಿಲ್‌ನಲ್ಲಿ ಮಗು ಹುಟ್ಟಿತು, ತಾಯಿಯೂ ಉಳಿದರು. ಮೈ ನವಿರೇಳಿಸುವ ಕಥೆ, ನಿಜ. ಆದರೆ ಮರಿಯಾ ಅವರ ಹಿರಿಮೆಯನ್ನೆಲ್ಲ ಈ ಒಂದು ನಿರ್ಧಾರಕ್ಕೆ ಗಂಟುಹಾಕುವುದು ತಪ್ಪು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅದಾದ ಮೇಲೆ ಐವತ್ತೊಂದು ವರ್ಷ ಬದುಕಿದರು. ಒಬ್ಬ ಗೃಹಿಣಿಯ ಪಾವಿತ್ರ್ಯವನ್ನು ಅಳೆಯಬೇಕಾದದ್ದು ಆ ಐವತ್ತೊಂದು ವರ್ಷಗಳಲ್ಲಿ.

ಆ ವರ್ಷಗಳಲ್ಲಿ ಏನಿತ್ತು? 1884ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಮರಿಯಾ ಓದಿಕೊಂಡವರು, ಸಂಗೀತಪ್ರಿಯರು; ಮಕ್ಕಳ ಶಿಕ್ಷಣ ಮತ್ತು ತಾಯ್ತನದ ಬಗ್ಗೆ ಪುಸ್ತಕ ಬರೆದವರು. ಲುಯೀಜಿ ಸರ್ಕಾರಿ ವಕೀಲರಾಗಿ ಮೇಲಿನ ಹುದ್ದೆಗೇರಿದವರು. ಮದುವೆಯ ಹೊತ್ತಿಗೆ ಭಕ್ತಿ ಹೆಚ್ಚಿದ್ದದ್ದು ಹೆಂಡತಿಯಲ್ಲಿ; ಗಂಡ ಆಕೆಯ ಜೊತೆಯಲ್ಲೇ ನಿಧಾನವಾಗಿ ಆ ದಾರಿಗೆ ಬಂದರು. ಬೆಳಿಗ್ಗೆ ಇಬ್ಬರೂ ಬಲಿಪೂಜೆಗೆ ಹೋಗುತ್ತಿದ್ದರು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ಕೂಡಿ ತೇರ್ಸ್ ಹೇಳುವಂತೆ ಅವರ ಮನೆಯಲ್ಲೂ ರಾತ್ರಿ ಜಪಸರದ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಮರಿಯಾ ರೆಡ್‌ಕ್ರಾಸ್ ದಾದಿಯಾಗಿ ದುಡಿದರು, ರೋಗಿಗಳನ್ನು ಲೂರ್ದ್ ಯಾತ್ರೆಗೆ ಕರೆದೊಯ್ದರು. ಎರಡನೇ ಮಹಾಯುದ್ಧದಲ್ಲಿ ಆಶ್ರಯ ಬೇಡಿ ಬಂದವರಿಗೆ ಮನೆಯ ಬಾಗಿಲು ತೆರೆದಿತ್ತು. 1951ರಲ್ಲಿ ಲುಯೀಜಿ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಷ್ಟು ವೈಧವ್ಯ. ಕೊನೆಗೆ 1965ರ ಆಗಸ್ಟ್ 26ರಂದು, ಎಂಬತ್ತೊಂದರಲ್ಲಿ, ಎನ್ರಿಕೆತ್ತಾಳ ತೋಳಿನಲ್ಲೇ ಪ್ರಾಣ ಬಿಟ್ಟರು. ಇದರಲ್ಲಿ ಪ್ರತ್ಯೇಕವಾಗಿ ನೋಡಿದರೆ ಬೆರಗಾಗುವಂಥದ್ದು ಕಡಿಮೆ. ಅಷ್ಟು ಕಾಲ ಬಿಡದೆ ನಡೆಸಿದ್ದೇ ದೊಡ್ಡದು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನಾಲ್ಕು ಮಕ್ಕಳಲ್ಲಿ ಇಬ್ಬರು ಪಾದ್ರಿಗಳು, ಒಬ್ಬಳು ಕನ್ಯಾಸ್ತ್ರೀ. ಉಳಿದವಳು ಮದುವೆಯಾಗದೆ ಹೆತ್ತವರ ಸೇವೆಗೆ ನಿಂತಳು. ಸಾಲದ್ದಕ್ಕೆ, ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಆಧ್ಯಾತ್ಮಿಕ ಮಾರ್ಗದರ್ಶಕರ ಮಾತಿನಂತೆ ಗಂಡ-ಹೆಂಡತಿ ದಾಂಪತ್ಯಸುಖವನ್ನೂ ತೊರೆದರು. ಹಾಗಾದರೆ ಧರ್ಮಸಭೆ ಮೆಚ್ಚಿದ್ದು ಸಂಸಾರವನ್ನೋ, ಮನೆಯೊಳಗಿನ ಮಠವನ್ನೋ? ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಶತಮಾನಗಳ ಕಾಲ ಸಂತರ ಪಟ್ಟಿಯಲ್ಲಿ ತುಂಬಿಕೊಂಡವರು ಹುತಾತ್ಮರು, ಸನ್ಯಾಸಿಗಳು, ಕನ್ಯಾಸ್ತ್ರೀಯರು. ಆ ಅಳತೆಗೋಲಿನ ನೆರಳು ಈ ಆಯ್ಕೆಯ ಮೇಲೂ ಬಿದ್ದಿದೆ. ಆದರೂ ಆ ವ್ರತಕ್ಕೆ ಮೊದಲಿನ ಇಪ್ಪತ್ತು ವರ್ಷಗಳನ್ನು ಯಾರೂ ಮುಚ್ಚಿಡಲಿಲ್ಲ. ಹಬ್ಬಕ್ಕೆ ವ್ರತದ ದಿನವನ್ನಾಗಲಿ ಸಾವಿನ ದಿನವನ್ನಾಗಲಿ ಆರಿಸದೆ ಮದುವೆಯ ದಿನವನ್ನೇ ಹಿಡಿದರು. ಎಲ್ಲ ವಿಶ್ವಾಸಿಗಳಿಗೂ ಪಾವಿತ್ರ್ಯದ ಕರೆಯಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಒತ್ತಿ ಹೇಳಿದ್ದು 1964ರಲ್ಲಿ, ಮರಿಯಾ ಬದುಕಿದ್ದಾಗಲೇ. 2015ರಲ್ಲಿ ಸಂತರಾದ ಫ್ರಾನ್ಸಿನ ಲೂಯಿ ಮತ್ತು ಜೆಲಿ ಮಾರ್ತೇನ್ ದಂಪತಿಯ ಹಬ್ಬವೂ ಅವರ ಮದುವೆಯ ದಿನಕ್ಕೇ ಹೊಂದಿಕೊಂಡಿದೆ. ಅಳತೆಗೋಲು ಪೂರ್ತಿ ಬದಲಾಗಿಲ್ಲ, ಆದರೆ ಬದಲಾಗುತ್ತಿದೆ.

ಇನ್ನೊಂದು ಆಕ್ಷೇಪ ಹೆಣ್ಣಿನ ಕಡೆಯಿಂದ ಬರುತ್ತದೆ. ಪ್ರಾಣ ಪಣಕ್ಕಿಟ್ಟ ತಾಯಿಯನ್ನು ಕೊಂಡಾಡಿದರೆ, ಅಂಥದೇ ಇಕ್ಕಟ್ಟಿನಲ್ಲಿರುವ ಬಸುರಿಯ ಮೇಲೆ ಒತ್ತಡ ಹೇರಿದಂತಾಗುವುದಿಲ್ಲವೇ? ಖಂಡಿತ ಆಗಬಹುದು. ಮರಿಯಾ ಉಳಿದದ್ದು ಆ ನಿರ್ಧಾರ ಸರಿಯೆಂಬುದಕ್ಕೆ ಪುರಾವೆಯೂ ಅಲ್ಲ. ಅಂಥ ಹೆರಿಗೆಯಲ್ಲಿ ಜೀವ ಕಳೆದುಕೊಂಡ ತಾಯಂದಿರ ಕಥೆ ಹೇಳಲು ಯಾರೂ ಉಳಿದಿರುವುದಿಲ್ಲ. 1914ರ ಆಚೆಗೂ ಆಕೆಯ ಬದುಕನ್ನು ನೋಡಬೇಕೆನ್ನುವುದು ಇದಕ್ಕೇ. ಸಾವಿನ ಅಂಚಿಗೆ ಹೋಗಿಬಂದ ತಾಯಿಯನ್ನು ಮಾತ್ರ ಪೂಜಿಸುವ ಸಮಾಜ, ದಿನವೂ ಸಂಸಾರ ತೂಗಿಸುವ ತಾಯಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ವಕೀಲ ಗಂಡ, ಉಂಡುಟ್ಟು ನಡೆಯುವ ಮನೆ, ಬರೆಯುವ ಬಿಡುವು ಮರಿಯಾಗೆ ಇದ್ದವು. ಇವು ಯಾವುದೂ ಇಲ್ಲದೆ ಅಷ್ಟೇ ನಿಷ್ಠೆಯಿಂದ ಬಾಳಿದ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಯಾವ ಪಟ್ಟಿಗೂ ಏರಿಲ್ಲ. ಧರ್ಮಸಭೆ ಮದುವೆಯ ದಿನವನ್ನು ಹಬ್ಬವಾಗಿಸಿ ಸರಿಯಾದ ಹೆಜ್ಜೆಯನ್ನೇ ಇಟ್ಟಿದೆ. ಮುಂದಿನ ಹೆಜ್ಜೆ ಬಡವರ ಮನೆಯ ಹೆಂಡತಿಯೊಬ್ಬಳ ಕಡೆಗೆ ಇರಲಿ.