ಬಾಲಿಗ್ ಆದ ಮಕ್ಕಳ ಪ್ರಶ್ನೆಗೆ ಉತ್ತರ ಯಾರು ಕೊಡ್ತಾರೆ?

ಗುಸ್ಲ್‌ನ ಫರ್ಳ್ ಎಷ್ಟು ಅಂತ ನಮ್ಮ ಮಕ್ಕಳನ್ನು ಕೇಳಿ ನೋಡಿ, ಥಟ್ಟನೆ ಹೇಳ್ತಾರೆ. ಹೈಳ್‌ನ ಕನಿಷ್ಠ ಅವಧಿ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ ಎಂಬುದೂ ಬಾಯಿಪಾಠ. ಆದರೆ ಮದ್ರಸದಲ್ಲಿ ಕಲಿತ ಆ ಮಾತು ತನ್ನದೇ ಮೈಯ ಬಗ್ಗೆ ಅಂತ ಎಷ್ಟು ಮಕ್ಕಳಿಗೆ ಗೊತ್ತಾಗುತ್ತದೆ? ಬೆಳಗ್ಗೆ ಬಟ್ಟೆ ಒದ್ದೆಯಾದದ್ದನ್ನು ಕಂಡ ಹದಿಮೂರರ ಹುಡುಗ ತನಗೇನೋ ಕಾಯಿಲೆ ಬಂತು ಅಂದುಕೊಳ್ತಾನೆ. ಉಮ್ಮನಲ್ಲಿ ಕೇಳಲು ನಾಚಿಕೆ, ಉಪ್ಪನಲ್ಲಿ ಕೇಳಲು ಭಯ.

ಶಾಲೆಯೂ ಹೆಚ್ಚು ಸಹಾಯಕ್ಕೆ ಬರಲಿಲ್ಲ. 2007ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದಾಗ ಅದನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉಳಿದದ್ದು ಗೆಳೆಯರು ಮತ್ತು ಮೊಬೈಲ್. ಇವರಿಬ್ಬರೂ ಕೇಳಿದ್ದಕ್ಕೆ ಉತ್ತರ ಕೊಡ್ತಾರೆ, ಸರಿಯಾದದ್ದನ್ನೇ ಕೊಡ್ತಾರೆ ಅಂತ ಹೇಳಲಾಗದು.

ಮೊದಲು ಹುಡುಗರ ವಿಷಯ, ಯಾಕೆಂದರೆ ಅವರ ಬಳಿ ಯಾರೂ ಮಾತಾಡುವುದೇ ಇಲ್ಲ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ, ದೇಹ ಬೆಳೆಯುತ್ತಿರುವುದರ ಲಕ್ಷಣ. ಎದ್ದು ಗುಸ್ಲ್ ಮಾಡಿದರೆ ಮುಗಿಯಿತು. ನೋಂಬಿನ ಹಗಲಲ್ಲಿ ಹಾಗಾದರೆ ನೋಂಬು ಮುರಿಯುತ್ತದಾ ಅಂತ ಎಷ್ಟೋ ಮಕ್ಕಳು ಒಳಗೊಳಗೇ ಹೆದರಿರುತ್ತಾರೆ. ಮುರಿಯುವುದಿಲ್ಲ. ಹಸ್ತಮೈಥುನದ ಬಗ್ಗೆ ದೀನಿನ ವಿಧಿಯನ್ನು ಉಸ್ತಾದರು ಹೇಳಲಿ. ಅದರಿಂದ ನರ ದುರ್ಬಲವಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಮಾತ್ರ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ‘ಗುಪ್ತರೋಗಕ್ಕೆ ಶರ್ತಿಯಾ ಚಿಕಿತ್ಸೆ’ ಅಂತ ಬರೆದಿರುತ್ತಾರಲ್ವಾ, ಅವರ ದುಡಿಮೆಯೆಲ್ಲ ಈ ಹೆದರಿಕೆಯ ಮೇಲೆಯೇ. ಧಾತು ಹೋಗಿ ಸೊರಗಿದೆ ಅಂತ ಕೊರಗುವ ಈ ಮನಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಬೇಕಾದದ್ದು ಪುಡಿಯಲ್ಲ, ಧೈರ್ಯದ ಎರಡು ಮಾತು.

ಕೆಲವು ಹುಡುಗರಿಗೆ ಈ ವಯಸ್ಸಲ್ಲಿ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ಶರ್ಟು ಕಳಚಲು, ಈಜಲು ಹಿಂಜರಿಯುತ್ತಾರೆ. ಹಾರ್ಮೋನಿನ ಏರುಪೇರು ಅದು. ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ದಯವಿಟ್ಟು ಮನೆಯಲ್ಲಿ ತಮಾಷೆ ಮಾಡ್ಬೇಡಿ.

ಹೆಣ್ಣುಮಕ್ಕಳಿಗೆ ಮೊದಲ ಮುಟ್ಟು ಬರುವ ಮೊದಲೇ ಹೇಳ್ಬೇಕು, ಬಂದ ಮೇಲಲ್ಲ. ಎದೆ ಬೆಳೆಯಲು ಶುರುವಾಗಿ ಸುಮಾರು ಎರಡು-ಎರಡೂವರೆ ವರ್ಷದಲ್ಲಿ ಮುಟ್ಟು ಬರುತ್ತದೆ, ಅಷ್ಟು ಸಮಯ ನಮ್ಮ ಕೈಯಲ್ಲಿದೆ. ಶಾಲೆಯ ಬ್ಯಾಗಿನಲ್ಲಿ ಒಂದು ಪ್ಯಾಡ್ ಇಟ್ಟು ಕಳಿಸಿ. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದು ಸಹಜ. 21ರಿಂದ 45 ದಿನಕ್ಕೊಮ್ಮೆ ಬಂದು ಏಳು ದಿನದೊಳಗೆ ನಿಂತರೆ ಚಿಂತೆ ಬೇಡ. ಮುಟ್ಟಿನ ನಡುವೆ ತುಸು ಬಿಳಿ ಹೋಗುವುದೂ ಸಹಜವೇ. ವಾಸನೆ, ತುರಿಕೆ ಇದ್ದರೆ ಮಾತ್ರ ತೋರಿಸಿ. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ಮೂರು ತಿಂಗಳು ಮುಟ್ಟೇ ಇಲ್ಲದಿದ್ದರೆ, 15 ತುಂಬಿಯೂ ಬಾರದಿದ್ದರೆ ಅಥವಾ ಎಂಟು ವರ್ಷದೊಳಗೇ ಎದೆ ಬೆಳೆಯತೊಡಗಿದರೆ ವೈದ್ಯರ ಬಳಿ ಹೋಗಲೇಬೇಕು. ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಅಂತ ಮುಂದೂಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಹೊಟ್ಟೆನೋವಿಗೆ ಮಾತ್ರೆ ತಗೊಂಡರೆ ಮಕ್ಕಳಾಗುವುದಿಲ್ಲ ಅಂತ ಹೇಳಿ ಹುಡುಗಿಯನ್ನು ನರಳಿಸುವುದೂ ಅದೇ ಸಾಲಿನದ್ದು. ವೈದ್ಯರು ಹೇಳಿದ ನೋವಿನ ಮಾತ್ರೆಯಿಂದ ಹಾಗೇನೂ ಆಗದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ನುಂಗಲು ಹೇಳಿ. ಮುಟ್ಟಿನಲ್ಲಿ ಹೋದ ರಕ್ತಕ್ಕೆ ಅದು ಬೇಕು.

ಇಂಥದ್ದನ್ನೆಲ್ಲ ಮಾತಾಡುವುದು ಹಯಾಕ್ಕೆ ವಿರುದ್ಧ ಅನ್ನುವವರಿಗೆ ಒಂದು ನೆನಪು. ಸ್ವಪ್ನದಲ್ಲಿ ಹೆಣ್ಣಿಗೂ ಹಾಗಾದರೆ ಸ್ನಾನ ಕಡ್ಡಾಯವೇ ಅಂತ ಉಮ್ಮು ಸುಲೈಮ್(ರ) ಪ್ರವಾದಿ(ಸ) ಅವರಲ್ಲೇ ನೇರವಾಗಿ ಕೇಳಿದ್ದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅವರಿಗೆ ಸಿಕ್ಕಿದ್ದು ಉತ್ತರ, ಗದರಿಕೆಯಲ್ಲ.

ಮೈಯ ಭಾಗಗಳ ಹೆಸರು ಹೇಳಲು ಬಾರದ ಮಗು ತನಗಾದ ಅನ್ಯಾಯವನ್ನೂ ಹೇಳಲಾರದು. ಯಾರಾದರೂ ಮುಟ್ಟಬಾರದಲ್ಲಿ ಮುಟ್ಟಿದರೆ, ಅವರು ಸಂಬಂಧಿಯಾಗಿರಲಿ, ಕಲಿಸುವವರಾಗಿರಲಿ, ಬಂದು ಹೇಳು, ನಿನ್ನ ತಪ್ಪಲ್ಲ ಅಂತ ಮೊದಲೇ ತಿಳಿಸಿ. 18ರೊಳಗಿನ ಗಂಡು, ಹೆಣ್ಣು ಇಬ್ಬರಿಗೂ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098.

ಮನೆಯಲ್ಲಿ ಬಾಯಿ ಬಾರದಿದ್ದರೆ ಸರಕಾರಿ ಆಸ್ಪತ್ರೆಯ ‘ಸ್ನೇಹ ಕ್ಲಿನಿಕ್’ ಕೇಳಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಇರುವ ಸಲಹಾ ಕೇಂದ್ರ ಇದು. ಹೇಳಿದ್ದನ್ನು ಗುಟ್ಟಾಗಿಡ್ತಾರೆ, ದುಡ್ಡಿಲ್ಲ. ನಮ್ಮ ಕರಾವಳಿಗೆ ಮಾತ್ರ ಇರುವ ವ್ಯವಸ್ಥೆಯೂ ಅಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ದೂರದ ಊರುಗಳಲ್ಲಿ ನೆಲೆಸಿದವರು, ಗೋಕಾಕ ತಾಲೂಕಿನ ಮೇಲವಂಕಿಯಂಥ ಹಳ್ಳಿಯಲ್ಲಿದ್ದರೂ, ಅಲ್ಲಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ದಾರಿ ತೋರಿಸ್ತಾರೆ. ಮಗುವನ್ನು ಕರಕೊಂಡು ಹೋದವರು ಸ್ವಲ್ಪ ಹೊತ್ತು ಹೊರಗಿನ ಬೆಂಚಲ್ಲಿ ಕೂತಿರಿ. ಒಳಗೆ ಅದು ತನ್ನ ಪ್ರಶ್ನೆಯನ್ನು ತಾನೇ ಕೇಳಲಿ.