ಗಲ್ಫ್‌ನಲ್ಲಿ ವಿಮೆ ಇದ್ದರೂ ಮಕ್ಕಳಾಗುವ ಚಿಕಿತ್ಸೆಗೆ ಕೈಯಿಂದಲೇ ಖರ್ಚು

ಕಾಸರಗೋಡು: ಜಿಲ್ಲೆಯಿಂದ ದುಬೈ, ಶಾರ್ಜಾಗಳಿಗೆ ಉದ್ಯೋಗಕ್ಕೆ ಹೋದವರ ಕಿಸೆಯಲ್ಲಿ ಆರೋಗ್ಯ ವಿಮೆಯ ಕಾರ್ಡ್ ಇರುತ್ತದೆ. ಜ್ವರ, ಅಪಘಾತ, ಹೆಂಡತಿಯ ಹೆರಿಗೆಗೆ ಅದು ಆಸರೆ. ಆದರೆ ಮಕ್ಕಳಾಗದ ದಂಪತಿಗಳು ಐವಿಎಫ್ ಚಿಕಿತ್ಸೆಗೆ ಹೋದಾಗ ಸಾಮಾನ್ಯವಾಗಿ ಆ ಕಾರ್ಡ್ ನಡೆಯುವುದಿಲ್ಲ.

ದುಬೈಯಲ್ಲಿ 2013ರ ಕಾನೂನಿನಂತೆ ನೌಕರನಿಗೆ ಕಂಪನಿಯೇ ವಿಮೆ ಮಾಡಿಸಬೇಕು. ಹೆಂಡತಿ, ಮಕ್ಕಳನ್ನು ಕರೆಸಿಕೊಂಡರೆ ಅವರ ವಿಮೆ ವೀಸಾ ಕೊಡಿಸಿದವರ ಹೊಣೆ. ಶಾರ್ಜಾ, ಅಜ್ಮಾನ್ ಮುಂತಾದ ಉತ್ತರದ ಎಮಿರೇಟ್‌ಗಳ ಖಾಸಗಿ ನೌಕರರಿಗೂ 2025ರ ಜನವರಿ 1ರಿಂದ ವಿಮೆ ಕಡ್ಡಾಯವಾಗಿದೆ. ಆದರೆ ಕಡ್ಡಾಯವಾದದ್ದು ಕನಿಷ್ಠ ವಿಮೆ ಮಾತ್ರ. ದುಬೈಯ ಮೂಲ ಯೋಜನೆಯಲ್ಲಿ ಹೆರಿಗೆ ಸೇರಿದೆ, ಬಂಜೆತನ ನಿವಾರಣೆಯ ಚಿಕಿತ್ಸೆ ಸೇರಿಲ್ಲ. ಕೆಲವು ಕಂಪನಿಗಳ ದುಬಾರಿ ಪಾಲಿಸಿಗಳಲ್ಲಿ ಮಾತ್ರ ಇದಕ್ಕೆ ಒಂದು ಮಿತಿಯ ಹಣ ಸಿಗುತ್ತದೆ.

ಊರಿಗೆ ಬಂದು ಮಾಡಿಸೋಣವೆಂದರೆ ಇಲ್ಲಿಯೂ ಸುಲಭವಿಲ್ಲ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 17ನೆಯದೇ ಬಂಜೆತನ. ಐವಿಎಫ್ ಕೂಡ ಅದರಲ್ಲಿ ಸೇರಿದೆ. ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಹಣ ಸಿಗುತ್ತದೆ.

ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ಪಾಲಿಸಿಯ ಹೊರಗಿಡುವಿಕೆಗಳ ಪುಟ ಓದಬೇಕು. ಅರ್ಥವಾಗದಿದ್ದರೆ ವಿಮಾ ಕಂಪನಿಗೆ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಕಾರಣ ಪತ್ತೆಹಚ್ಚುವ ಪರೀಕ್ಷೆಗಳಿಗೆ ಹಣ ಸಿಗುತ್ತದೆಯೇ? ಚಿಕಿತ್ಸೆಗೆ ಮಿತಿ ಎಷ್ಟು, ಎಷ್ಟು ತಿಂಗಳು ಕಾಯಬೇಕು? ಐವಿಎಫ್‌ನಿಂದ ಗರ್ಭ ನಿಂತರೆ ಹೆರಿಗೆಯ ಖರ್ಚು ಸಿಗುತ್ತದೆಯೇ? ಥೈರಾಯ್ಡ್, ಗರ್ಭಕೋಶದ ಗಡ್ಡೆ ಮುಂತಾದವು ತಾವೇ ಕಾಯಿಲೆಗಳಾದ್ದರಿಂದ ಅವುಗಳ ಚಿಕಿತ್ಸೆಗೆ ವಿಮೆ ಸಿಗುವ ಸಾಧ್ಯತೆ ಇದೆ. ಅದಕ್ಕೂ ಮುಂಚಿತ ಒಪ್ಪಿಗೆ ಪಡೆದಿರಬೇಕು.

ಗಂಡ ಅಲ್ಲಿ, ಹೆಂಡತಿ ಊರಲ್ಲಿ ಇರುವವರಿಗೆ ಹಣಕ್ಕಿಂತ ದಿನಗಳ ಲೆಕ್ಕ ಮುಖ್ಯ. ಅಂಡಾಣು ಬೆಳೆಸುವ ಚುಚ್ಚುಮದ್ದಿಗೆ ಸುಮಾರು 10ರಿಂದ 12 ದಿನ, ಭ್ರೂಣ ಬೆಳೆಯಲು ಮತ್ತೆ 3ರಿಂದ 5 ದಿನ ಬೇಕು. ಪರೀಕ್ಷೆಗಳನ್ನು ಮೊದಲೇ ಮುಗಿಸಿಟ್ಟರೆ ಒಂದು ತಿಂಗಳ ರಜೆಯಲ್ಲಿ ಇದು ಸಾಧ್ಯ. ವೀರ್ಯವನ್ನು ಶೀತಲೀಕರಿಸಿ ಇಟ್ಟು ಹೋಗುವ ದಾರಿಯೂ ಇದೆ.

2021ರ ಕಾಯ್ದೆಯಂತೆ ಭಾರತದಲ್ಲಿ ಈ ಚಿಕಿತ್ಸೆಗೆ ಹೆಂಗಸರಿಗೆ 50, ಗಂಡಸರಿಗೆ 55 ವರ್ಷ ವಯೋಮಿತಿ ಇದೆ. ಆದರೆ ಹೆಂಗಸರಿಗೆ 35 ದಾಟಿದ ಮೇಲೆ ಯಶಸ್ಸಿನ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ವಿಮೆ ಸಿಗಬಹುದೆಂದು ಕಾದು ವರ್ಷಗಳನ್ನು ಕಳೆಯುವುದಕ್ಕಿಂತ, ಸಿಗುವುದಿಲ್ಲವೆಂದು ಬೇಗ ತಿಳಿದು ಹಣ ಹೊಂದಿಸಿಕೊಳ್ಳುವುದೇ ಲೇಸು.