ಮೇಲ್ ಕಳಿಸಿದ್ದು ನಿಜ, ಮುಟ್ಟಲಿಲ್ಲ ಯಾಕೆ? ಪಟ್ಟಿ ನಡೆಸೋರು ನೋಡಬೇಕಾದ್ದು ವಾಪಸ್ ಬಂದ ಮೇಲ್

ಕರ್ಜಗಿ: ವಾಟ್ಸ್‌ಆ್ಯಪ್ ಇರುವಾಗ ಇಮೇಲ್ ಯಾರು ನೋಡ್ತಾರೆ ಅನ್ನೋ ಮಾತು ಸಾಮಾನ್ಯ. ಆದ್ರೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರು ಸೋಮವಾರ, ಗುರುವಾರದ ದರವನ್ನು ಹೊರ ರಾಜ್ಯದ ಖರೀದಿದಾರರಿಗೆ ಕಳಿಸಬೇಕು ಅಂದುಕೊಳ್ಳಿ. ಅಥವಾ ರಾಣೆಬೆನ್ನೂರಿನ ಬೀಜ ಕಂಪನಿಯೊಂದು ಬೀಜ ಬೆಳೆಯೋ ರೈತರಿಗೆಲ್ಲ ಒಂದೇ ಸಲ ಸೂಚನೆ ಕೊಡಬೇಕು. ಇಂಥ ಕೆಲಸಕ್ಕೆ ಇರೋದೇ ಮೇಲಿಂಗ್ ಲಿಸ್ಟ್.

ಲೆಕ್ಕ ಸರಳ. ಪಟ್ಟಿಗೆ ಒಂದು ಸ್ವಂತ ವಿಳಾಸ ಇರುತ್ತೆ. ಅದಕ್ಕೆ ಒಂದು ಮೇಲ್ ಹಾಕಿದ್ರೆ ಸರ್ವರ್ ಅದನ್ನು ಪಟ್ಟಿಯಲ್ಲಿರೋ ಎಲ್ಲರಿಗೂ ಹಂಚುತ್ತೆ. ಸ್ವಂತ ಸರ್ವರ್ ಇದ್ದವರು ಮೇಲ್‌ಮ್ಯಾನ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ತಾರೆ, ಇಲ್ಲದವರಿಗೆ ಗೂಗಲ್ ಗ್ರೂಪ್ಸ್ ಇದೆ. ಸುಮ್ಮನೆ ಜಿಮೇಲ್‌ನಲ್ಲೇ ಎಲ್ಲರ ವಿಳಾಸ ತುಂಬಿ ಕಳಿಸ್ತೀವಿ ಅಂದ್ರೆ ಉಚಿತ ಖಾತೆಗೆ ದಿನಕ್ಕೆ 500 ಜನರ ಮಿತಿ. ದಾಟಿದ್ರೆ ಒಂದು ದಿನದ ತನಕ ಕಳಿಸೋದೇ ಬಂದ್.

ಕನ್ನಡದಲ್ಲಿ ಇದನ್ನು ದೊಡ್ಡದಾಗಿ ಬಳಸಿದವರು ಸರ್ಕಾರಿ ಪ್ರೌಢಶಾಲೆ ಶಿಕ್ಷಕರು. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಗೂಗಲ್ ಗ್ರೂಪ್ಸ್ ಮೇಲೆ ನಡೆದದ್ದು. ಪ್ರಶ್ನೆಪತ್ರಿಕೆ, ಪಾಠ ಯೋಜನೆ, ಪರೀಕ್ಷೆಯ ಅನುಮಾನ ಎಲ್ಲ ಅಲ್ಲೇ ಹರಿದಾಡುತ್ತಿದ್ದವು. ಹೊಸ ಶಿಕ್ಷಕರನ್ನು ಸೇರಿಸೋ ಅರ್ಜಿ, ಮೇಲ್ ಕಳಿಸೋ ಮಾರ್ಗಸೂಚಿ ಪ್ರತಿ ಮೇಲ್ ಕೆಳಗೇ ಇರುತ್ತಿತ್ತು. ಯಾರೋ ಒಬ್ಬರು ದಿನಾ ಕೂತು ನೋಡಿಕೊಳ್ಳದೆ ಇಂಥ ಪಟ್ಟಿ ನಡೆಯೋದಿಲ್ಲ. (ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದವರಿಗೆ ಬರೀ ಗೀಚಿದಂಗೆ ಕಾಣುತ್ತೆ. ಪಟ್ಟಿಗೆ ಹಾಕುವಾಗ ಯೂನಿಕೋಡ್‌ನಲ್ಲೇ ಹಾಕ್ರಿ.)

ವಾಪಸ್ ಬಂದದ್ದನ್ನು ಅಳಿಸಬೇಡಿ

ವಿಳಾಸದಾರರು ಸಿಗದಿದ್ರೆ ಪೋಸ್ಟ್‌ಮನ್ ಕಾಗದದ ಮೇಲೆ ಕಾರಣ ಬರೆದು ವಾಪಸ್ ಮಾಡ್ತಾನೆ. ಇಮೇಲ್ ಸರ್ವರ್ ಕೂಡ ಹಾಗೇ. ಅದಕ್ಕೆ ಬೌನ್ಸ್ ಅಂತಾರೆ. ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಏನೇನೋ ಇರುತ್ತೆ ಅಂತ ಬಹಳ ಮಂದಿ ಓದದೆ ಅಳಿಸ್ತಾರೆ. ಪೂರ್ತಿ ಓದೋದು ಬೇಕಿಲ್ಲ, ಅಂಕಿ ಹುಡುಕಿದ್ರೆ ಸಾಕು. 4ರಿಂದ ಶುರುವಾದ್ರೆ ತೊಂದರೆ ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. 5ರಿಂದ ಶುರುವಾದ್ರೆ ಆ ಮೇಲ್ ಕಥೆ ಮುಗೀತು. 5.1.1 ಅಂದ್ರೆ ಅಂಥ ವಿಳಾಸವೇ ಇಲ್ಲ. 4.2.2 ಅಥವಾ 5.2.2 ಅಂದ್ರೆ ಡಬ್ಬಿ ತುಂಬಿದೆ.

ಡಬ್ಬಿ ತುಂಬೋದಕ್ಕೆ ಮೇಲೇ ಕಾರಣ ಆಗಬೇಕಿಲ್ಲ. ಗೂಗಲ್ ಕೊಡೋ ಉಚಿತ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. ಈಗ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕ. ಮದುವೆ ವಿಡಿಯೋ ತುಂಬಿ ಜಾಗ ಮುಗಿದ್ರೆ ಅಂಗಡಿಗೆ ಬರಬೇಕಾದ ಮೇಲ್ ಬಾಗಿಲಲ್ಲೇ ವಾಪಸ್ ಹೋಗುತ್ತೆ. ಫೋನ್ ಮಾತ್ರ ಆರಾಮಾಗಿ ನಡೀತಿರುತ್ತೆ. ಜೊತೆಗೆ, ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸೋಕೆ ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿದೆ. ಸಿಮ್ ತಗೊಂಡಾಗ ಅಂಗಡಿಯವನು ಮಾಡಿಕೊಟ್ಟ ಜಿಮೇಲ್ ಇನ್ನೂ ಜೀವಂತ ಇದೆಯಾ ನೋಡಿಕೊಳ್ಳಿ.

ಬೌನ್ಸ್ ಎಣಿಸೋ ಕೆಲಸ ಮೇಲ್‌ಮ್ಯಾನ್ ತಾನೇ ಮಾಡುತ್ತೆ. ಹೊಸದಾಗಿ ಹಾಕಿದಾಗ ಬರೋ ಸೆಟ್ಟಿಂಗ್ ಪ್ರಕಾರ ಒಬ್ಬ ಸದಸ್ಯನಿಗೆ ದಿನಕ್ಕೆ ಒಂದೇ ಅಂಕ. ಐದು ಅಂಕ ಆದ್ರೆ ಅವನಿಗೆ ಮೇಲ್ ನಿಲ್ಲುತ್ತೆ, ಆಮೇಲೆ ವಾರಕ್ಕೊಂದರಂತೆ ಮೂರು ಎಚ್ಚರಿಕೆ ಹೋಗುತ್ತೆ. ತಮಾಷೆ ಅಂದ್ರೆ ಆ ಎಚ್ಚರಿಕೆ ಹೋಗೋದೂ ಅದೇ ತುಂಬಿದ ಡಬ್ಬಿಗೆ! ಏಳು ದಿನ ಹೊಸ ಬೌನ್ಸ್ ಬರದಿದ್ರೆ ಹಳೇ ಅಂಕ ರದ್ದಾಗುತ್ತೆ. ವಾರಕ್ಕೆ ಎರಡು ಸಲ ದರ ಕಳಿಸೋ ಪಟ್ಟಿಯಲ್ಲಿ ಎರಡು ವಾರಕ್ಕೆ ಐದು ಅಂಕ ಆಗುತ್ತೆ. ತಿಂಗಳಿಗೊಮ್ಮೆ ಕಳಿಸೋ ಸಂಘದ ಪಟ್ಟಿಯಲ್ಲಿ ಯಾವತ್ತೂ ಐದು ಆಗೋದಿಲ್ಲ, ಸತ್ತ ವಿಳಾಸ ವರ್ಷಗಟ್ಟಲೆ ಉಳಿಯುತ್ತೆ. ಅಂಥ ಕಡೆ ಏಳು ದಿನದ ಅವಧಿಯನ್ನು ಕೈಯಾರೆ ಹೆಚ್ಚಿಸಬೇಕು.

ತಪ್ಪು ಒಬ್ಬರದು, ಹೊರಗೆ ಹೋದವರು ಬೇರೆ

ವಿಳಾಸ ಸರಿಯಿದ್ದೂ ಮೇಲ್ ತಿರಸ್ಕಾರ ಆಗೋದುಂಟು. ಮೇಲ್‌ನ ಗುರುತು ನೋಡೋ ಪದ್ಧತಿ ಮೂರು. ಎಸ್‌ಪಿಎಫ್ ಅಂದ್ರೆ ನಮ್ಮ ಹೆಸರಲ್ಲಿ ಮೇಲ್ ಕಳಿಸೋ ಹಕ್ಕು ಯಾವ ಸರ್ವರ್‌ಗೆ ಇದೆ ಅನ್ನೋ ಘೋಷಣೆ. ಡಿಕಿಮ್ ಅಂದ್ರೆ ಮೇಲ್ ಮೇಲೆ ಒತ್ತಿದ ಮೊಹರು. ಇವೆರಡೂ ತಾಳೆಯಾಗದಿದ್ರೆ ಏನು ಮಾಡಬೇಕು ಅನ್ನೋ ಆದೇಶವೇ ಡಿಮಾರ್ಕ್.

ಮೇಲಿಂಗ್ ಲಿಸ್ಟ್‌ಗೆ ತೊಡಕು ಇಲ್ಲೇ. ವಿಷಯದ ಮುಂದೆ ಪಟ್ಟಿಯ ಹೆಸರು, ಕೊನೆಗೆ ಎರಡು ಸಾಲು ಸೇರಿಸಿದ ಕೂಡಲೇ ಮೊಹರು ಒಡೆಯುತ್ತೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಹೆಸರಿನ ಮೇಲ್ ತಾಳೆಯಾಗದಿದ್ರೆ ತಿರಸ್ಕರಿಸಿ ಅಂತ ಆದೇಶ ಹಾಕಿತು. ಆಗ ಒಬ್ಬ ಯಾಹೂ ಸದಸ್ಯ ಪಟ್ಟಿಗೆ ಬರೆದ್ರೆ ಜಿಮೇಲ್‌ನವರಿಗೆಲ್ಲ ಅದು ಬೌನ್ಸ್. ಅಂಕ ಏರಿದ್ದು ಏನೂ ಮಾಡದ ಜಿಮೇಲ್ ಸದಸ್ಯರದ್ದು! ಮೇಲ್‌ಮ್ಯಾನ್‌ಗೆ ಆಮೇಲೆ ಪರಿಹಾರ ಬಂತು: ಕಳಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸವನ್ನೇ ಬರೆಯೋದು. ಸ್ವಂತ ಪಟ್ಟಿ ನಡೆಸೋರು ಈ ಸೆಟ್ಟಿಂಗ್ ಆನ್ ಇದೆಯಾ ಅಂತ ಮೊದಲು ನೋಡಬೇಕು.

2024ರ ಫೆಬ್ರವರಿಯಿಂದ ಗೂಗಲ್ ಇನ್ನೂ ಬಿಗಿ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ಮೂರೂ ಕಡ್ಡಾಯ, ಚಿಕ್ಕವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದ್ರೂ ಇರಬೇಕು. ಸ್ಪ್ಯಾಮ್ ದೂರು ನೂರಕ್ಕೆ 0.3 ಮುಟ್ಟಬಾರದು, ಅಂದ್ರೆ ಸಾವಿರ ಮೇಲ್‌ಗೆ ಮೂವರು ಸ್ಪ್ಯಾಮ್ ಒತ್ತಿದ್ರೆ ಮಿತಿ ಮುಟ್ಟಿದಂತೆ. ಪಟ್ಟಿಯಿಂದ ಹೊರಬರೋ ಕೊಂಡಿ ಕಾಣದಿದ್ರೆ ಜನ ಒತ್ತೋದು ಸ್ಪ್ಯಾಮ್ ಬಟನ್ನೇ.

ಮೇಲ್ ಬೌನ್ಸ್ ಆಗಿಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ ಅಂದ್ರೆ ಅನುಮತಿಗೆ ಕಾಯ್ತಿರೋ ಸಾಲು ನೋಡಿ. ಪಟ್ಟಿಯಲ್ಲಿ ಇರೋದು ಅಂಗಡಿಯ ವಿಳಾಸ, ಕಳಿಸಿದ್ದು ಮಗನ ಫೋನಿನಿಂದ ಅಂದ್ರೆ ತಂತ್ರಾಂಶಕ್ಕೆ ಅವರು ಹೊರಗಿನವರು. ಅಡ್ಮಿನ್ ಒಪ್ಪಿಗೆ ಒತ್ತೋ ತನಕ ಆ ಮೇಲ್ ಅಲ್ಲೇ ಕೂತಿರುತ್ತೆ.